ಶವಕ್ಕೆ ಕೈಮುಗಿದ ಮಕ್ಕಳು

ಪಾಂಡವಪುರ, ಕೆ.ಆರ್. ಪೇಟೆ ಕಡೆಯ ಹಳ್ಳಿಗಳಲ್ಲಿ ಬೆಳೆದ ಮಕ್ಕಳಿಗೆ ಸಾವು ಹೊಸದಲ್ಲ. ತಮಟೆ ಸದ್ದು ಕೇಳಿದರೆ ಯಾರ ಮನೆಯಲ್ಲಿ ಎಂದು ವಿಚಾರಿಸಿಕೊಂಡು ಓಡುತ್ತಾರೆ. ಚಟ್ಟ ಕಟ್ಟುವುದನ್ನು ಕಂಡಿರುತ್ತಾರೆ, ಹಾಲುತುಪ್ಪಕ್ಕೆ ಹೋಗಿರುತ್ತಾರೆ, ತಿಥಿ ಊಟಕ್ಕೆ ಕೂತಿರುತ್ತಾರೆ. ಅಸ್ಥಿ ಬಿಡಲು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋಗದ ಮನೆ ನಮ್ಮ ಸೀಮೆಯಲ್ಲಿ ಕಡಿಮೆ. 1948ರಲ್ಲಿ ಗಾಂಧೀಜಿಯ ಚಿತಾಭಸ್ಮವನ್ನೂ ಅಲ್ಲಿ ಬಿಟ್ಟರು. ಇಂಥ ಮಕ್ಕಳೇ ಬಿಳಿ ಕೋಟು ತೊಟ್ಟ ಮೇಲೆ ಸಾವಿನ ಎದುರು ಮಾತು ಸತ್ತವರಾಗುವುದನ್ನು ಅನಾಟಮಿ ಮೇಷ್ಟರಾಗಿ ನಾನು ಬಹುಕಾಲ ನೋಡಿದೆ.

1986ರಲ್ಲಿ ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ಶುರುವಾದ ಮೇಲೆ ಡಾಕ್ಟರಿಕೆ ನಮ್ಮವರಿಗೆ ಹತ್ತಿರವಾಯಿತು. ನಾನು ಪಾಠ ಮಾಡಿದ್ದು ಬೇರೆ ಊರಿನಲ್ಲಿ. ಈ ಸೀಮೆಯ ಹುಡುಗರು ಅಲ್ಲಿಗೂ ಬರುತ್ತಿದ್ದರು.

ಆಗ ಡಿಸೆಕ್ಷನ್ ಹಾಲ್‌ಗೆ ಪೀಠಿಕೆಯೇ ಇರಲಿಲ್ಲ. ಫಾರ್ಮಲಿನ್‌ಗೆ ಕಣ್ಣು ಉರಿಯುತ್ತಿರುವಾಗಲೇ ಕನಿಂಗ್‌ಹ್ಯಾಮ್ ಪುಸ್ತಕ ಬಿಚ್ಚಿಟ್ಟುಕೊಂಡು ಎದೆಭಾಗದ ಚರ್ಮ ಸೀಳಬೇಕು. ತಲೆ ಸುತ್ತಿ ಬಂದವರನ್ನು ಹೊರಗೆ ಕೂರಿಸಿ ನೀರು ಕೊಟ್ಟರೆ ಆಯಿತು. ಕೆಲವರು ಶವಕ್ಕೊಂದು ಅಡ್ಡಹೆಸರಿಟ್ಟು ನಗುತ್ತಿದ್ದರು. ನನಗೆ ಆ ನಗುವಿನಲ್ಲಿ ಹೆದರಿಕೆಯೇ ಕೇಳಿಸುತ್ತಿತ್ತು. 1957ರ ಅನಾಟಮಿ ಕಾಯ್ದೆಯಡಿ ಬರುತ್ತಿದ್ದುದು ಹೆಚ್ಚಾಗಿ ವಾರಸುದಾರರಿಲ್ಲದ ದೇಹಗಳು. ಈತ ಯಾರು, ಯಾವ ಊರು ಎಂದು ಕೇಳುವವರಿರಲಿಲ್ಲ.

ನಿಧಾನವಾಗಿ ದೇಹದಾನದ ಪತ್ರಗಳು ಬರತೊಡಗಿದವು. 2010ರಲ್ಲಿ ಬೆಳಗಾವಿಯ ಡಾ. ಮಹಾಂತೇಶ ರಾಮಣ್ಣವರ ಅವರು ದಾನವಾಗಿ ಬಂದ ತಮ್ಮ ತಂದೆಯ ದೇಹವನ್ನೇ ವಿದ್ಯಾರ್ಥಿಗಳ ಮುಂದೆ ಛೇದಿಸಿ ಪಾಠ ಮಾಡಿದರು. ಅದನ್ನು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚೂ ಸುಮ್ಮನಾಯಿತು. 2019ರ ಹೊಸ ಪಠ್ಯಕ್ರಮದಲ್ಲಿ ಶವವೇ ನಮ್ಮ ಮೊದಲ ಗುರು ಎಂಬ ಪಾಠವೇ ಸೇರಿತು. ಈಗ ಮೊದಲ ದಿನ ಹೂವಿಟ್ಟು, ಕೈಮುಗಿದು, ಪ್ರತಿಜ್ಞೆ ಓದುತ್ತಾರೆ. ಬರೀ ಶಾಸ್ತ್ರ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಕೈಮುಗಿದ ಮೇಲೆ ಅಡ್ಡಹೆಸರು ಹುಟ್ಟಿದ್ದನ್ನು ನಾನು ಕಂಡಿಲ್ಲ.

ವಾರ್ಡಿನ ಕಥೆ ಬೇರೆ. ಆಸೆಯಿಲ್ಲ ಎಂದು ಗೊತ್ತಾದೊಡನೆ ನಮ್ಮ ಕಡೆಯವರು, “ಉಸ್ರಿರೋವಾಗ್ಲೇ ಮನೆ ಸೇರಿಸ್ಬುಡ್ತೀವಿ ಸ್ವಾಮಿ, ಕಳಿಸ್ಬುಡಿ” ಎನ್ನುತ್ತಾರೆ. ಹೊರಗೆ ಸತ್ತವರನ್ನು ಒಳಮನೆಗೆ ತರಬಾರದೆಂಬ ನಂಬಿಕೆ ಎಷ್ಟೋ ಊರಲ್ಲಿದೆ. ಹೌಸ್ ಸರ್ಜನ್ ಹುಡುಗ ಕೇಸ್‌ಶೀಟ್‌ನಲ್ಲಿ ‘ಡಾಮಾ’ (ವೈದ್ಯರ ಸಲಹೆ ಮೀರಿ ಬಿಡುಗಡೆ) ಎಂದು ಬರೆದು, ಹೆಬ್ಬೆಟ್ಟು ಒತ್ತಿಸಿಕೊಂಡು, ಮುಂದಿನ ಮಂಚಕ್ಕೆ ಹೋಗುತ್ತಿದ್ದ. ತನ್ನ ಅಜ್ಜನನ್ನೂ ಮನೆಯವರು ಹಾಗೇ ಕರೆತಂದಿದ್ದರೆಂಬುದು ಅವನಿಗೆ ನೆನಪಿರುತ್ತಿತ್ತು. ಆದರೂ ರೋಗಿಯ ಮಗನಿಗೆ ಏನು ಹೇಳಬೇಕೆಂದು ಅವನಿಗೆ ಯಾರೂ ಕಲಿಸಿರಲಿಲ್ಲ, ನಾವೂ ಸೇರಿ.

ಘನತೆಯಿಂದ ಸಾಯುವುದು ಬದುಕುವ ಹಕ್ಕಿನದೇ ಭಾಗ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. ಅದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಸಾವನ್ನು ಕುರಿತ ಪಾಠವೂ ಈಗ ಪಠ್ಯದಲ್ಲಿದೆ. ಅದು ತರಗತಿಯ ನಾಲ್ಕು ಗೋಡೆಯೊಳಗೆ ಮುಗಿಯಬಾರದು. ಡಾಮಾ ಬರೆಸಿಕೊಂಡು ಹೋದವರ ಜಗಲಿಗೂ ಈ ಮಕ್ಕಳನ್ನು ಕಳಿಸಬೇಕು. ಒಣಗಿದ ಬಾಯಿಯನ್ನು ಒದ್ದೆ ಬಟ್ಟೆಯಲ್ಲಿ ಹೇಗೆ ಒರೆಸುವುದು, ಗಂಟಲು ಗೊರಗೊರ ಅಂದರೆ ಹೇಗೆ ಮಗ್ಗುಲಾಗಿಸುವುದು, ಬರೆದುಕೊಟ್ಟ ಮಾರ್ಫಿನ್ ಮಾತ್ರೆ ನಾಲ್ಕು ಗಂಟೆಗೊಮ್ಮೆ ತಪ್ಪದೆ ಏಕೆ ಕೊಡಬೇಕು ಎಂದು ಅಲ್ಲಿ ಕಾದು ಕೂತ ಮಗಳಿಗೆ ಅವರೇ ಹೇಳಿಕೊಡಲಿ.