ಘಾಟಿ ಹತ್ತಿದ ಕಾರು ನಿಂತಲ್ಲಿ ಏಕೆ ನಿಲ್ಲುತ್ತಿತ್ತು?



ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಿಮ್ಮಲ್ಲಿ ಹಲವರಿಗೆ ಊರಿಗೆ ಹೋಗುವುದೆಂದರೆ ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಇಳಿಯುವುದು. ನಡುವಿನ ಖೋಪೋಲಿ, ಖಂಡಾಲಾ, ಸಾತಾರಾ, ಕೊಲ್ಹಾಪುರ, ನಿಪ್ಪಾಣಿಗಳೆಲ್ಲ ನಿದ್ದೆಯಲ್ಲೇ ಕಳೆದುಹೋಗುತ್ತವೆ. ನಾನೂ ಹಾಗೆಯೇ ಓಡಾಡಿದವನು. ಈ ಹಾದಿಯನ್ನು ಸರಿಯಾಗಿ ಕಂಡದ್ದು 1996ರ ದೀಪಾವಳಿಯಲ್ಲಿ. ಅದಕ್ಕೆ ಕಾರಣ ನಮ್ಮ ಹಳೆಯ ಅಂಬಾಸಡರ್.

ಅದು ನನ್ನ ತಂದೆಯವರು 1978ರಲ್ಲಿ ಕೊಂಡ ಮಾರ್ಕ್ 3 ಕಾರು, 1489 ಸಿ.ಸಿ. ಪೆಟ್ರೋಲ್ ಎಂಜಿನ್ನಿನದು. ತಂದೆ ತೀರಿಕೊಂಡು ಎರಡು ವರ್ಷವಾಗಿತ್ತು. ಕಾರಿಗೂ ಕಾಯಿಲೆ ಹಿಡಿದಿತ್ತು. ಸಿಗ್ನಲಿನಲ್ಲಿ ನಿಂತರೆ ನಡುಗುವುದು, ಕೆಮ್ಮಿ ಆರಿಹೋಗುವುದು. ನಮ್ಮ ಗ್ಯಾರೇಜಿನವರು ನೋಡಿ, "ರಿಂಗ್ ಹೋಗಿದೆ, ಎಂಜಿನ್ ಬಿಚ್ಚಬೇಕು" ಎಂದರು. ಅವರು ಹೇಳಿದ ಖರ್ಚು ಕಾರಿನ ಬೆಲೆಯನ್ನೇ ಮೀರುತ್ತಿತ್ತು. ಹಬ್ಬ ಮುಗಿದ ಮೇಲೆ ಬರುವಂತೆ ಗುಜರಿಯವನಿಗೆ ಹೇಳಿದೆವು. ಆಗ ನಮ್ಮ ಅವ್ವ, "ಮಾರೂದಾದ್ರ ಮಾರ್ರಿ. ಅದಕ್ಕ ಮೊದಲ ಒಮ್ಮೆ ಇದೇ ಗಾಡ್ಯಾಗ ನನ್ನ ಧಾರವಾಡಕ್ಕ ಕರ್ಕೊಂಡು ಹೋಗ್ರಿ" ಎಂದಳು. ಎಪ್ಪತ್ತನಾಲ್ಕರ ಅವ್ವನಿಗೆ ಇಲ್ಲವೆನ್ನಲು ಆಗಲಿಲ್ಲ.

ನಸುಕಿನಲ್ಲಿ ಮಾಟುಂಗಾ ಬಿಟ್ಟೆವು. ಆಗ ಎಕ್ಸ್‌ಪ್ರೆಸ್ ವೇ ಇರಲಿಲ್ಲ. ಅದು ಪೂರ್ತಿಯಾದದ್ದು 2002ರಲ್ಲಿ. ಖೋಪೋಲಿಯಿಂದ ಹಳೆಯ ಬೋರ್‌ಘಾಟ್ ರಸ್ತೆಯಲ್ಲಿ ಸುಮಾರು 1,800 ಅಡಿ ಏರಿದರೆ ಲೋಣಾವಳಾ. ನೀವು ಚಿಕ್ಕಂದಿನಲ್ಲಿ ಕಿಟಕಿಯಿಂದ ಕಂಡಿರಬಹುದಾದ ಅಮೃತಾಂಜನ್ ಸೇತುವೆ ಆ ಏರಿನಲ್ಲೇ ಇತ್ತು. 2020ರಲ್ಲಿ ಅದನ್ನು ಕೆಡವಿದರು. ಲಾರಿಗಳು ಏದುಸಿರು ಬಿಡುತ್ತ ಏರುತ್ತಿದ್ದವು. ನಮ್ಮ ಕಾರು ಇಲ್ಲೇ ಕೈಕೊಡುತ್ತದೆಂದು ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ಆಶ್ಚರ್ಯವೆಂದರೆ ಅದು ಎರಡನೇ ಗೇರಿನಲ್ಲಿ ಗಟ್ಟಿಯಾಗಿ ಎಳೆದು ಮೇಲೆ ಬಂತು. ಚಹಾ ಕುಡಿಯೋಣವೆಂದು ಲೋಣಾವಳಾದಲ್ಲಿ ನಿಲ್ಲಿಸಿದ್ದೇ ತಡ, ನಡುಗಿ ಆರಿಹೋಯಿತು!

ದಾರಿಯುದ್ದಕ್ಕೂ ಇದೇ ಕಥೆ. ಖಂಬಾಟ್ಕಿ ಘಾಟನ್ನೂ ಹತ್ತಿತು, ಸಾತಾರಾದ ರೈಲ್ವೆ ಗೇಟಿನಲ್ಲಿ ನಿಂತುಹೋಯಿತು. ಚೋಕನ್ನು ಸ್ವಲ್ಪ ಎಳೆದು ಹಿಡಿದರೆ ಮಾತ್ರ ಸಮಾಧಾನವಾಗಿ ನಿಂತಿರುತ್ತಿತ್ತು. ಸಂಜೆ ಹೊತ್ತಿಗೆ ಕರ್ನಾಟಕದ ಗಡಿ ದಾಟಿ ತಂಬಾಕಿನ ವಾಸನೆಯ ನಿಪ್ಪಾಣಿ ಸೇರಿದೆವು. ಧಾರವಾಡ ಇನ್ನೂ ಸುಮಾರು 150 ಕಿಲೋಮೀಟರ್. ಪೇಟೆಯ ನಡುವೆ ಮತ್ತೆ ನಿಂತಿತು; ಈ ಸಲ ಚೋಕಿಗೂ ಬಗ್ಗಲಿಲ್ಲ. ಜನರೇ ತಳ್ಳಿ ರಸ್ತೆ ಬದಿಯ ಒಂದು ತಗಡಿನ ಶೆಡ್ಡಿಗೆ ಮುಟ್ಟಿಸಿದರು.

ಅಲ್ಲಿನ ವಯಸ್ಸಾದ ಮಿಸ್ತ್ರಿ ಬಾನೆಟ್ ತೆರೆಯುವ ಮೊದಲು ಕೇಳಿದ: "ಸಾಹೇಬ್ರ, ಘಾಟ್ ಹತ್ತುವಾಗ ಗಾಡಿ ಹೆಂಗ ಎಳೀತ್ರಿ?"

"ಚೊಲೋ ಎಳೀತು."

"ನಿಂತಾಗ?"

"ಬಂದ್ ಆಗ್ತದ. ಚೋಕ್ ಎಳದ್ರ ನಿಲ್ತಿತ್ತು."

"ಹಂಗಾದ್ರ ಎಂಜಿನ್ ಗಟ್ಟಿ ಐತ್ರಿ. ಎಲ್ಲೋ ಗಾಳಿ ಎಳ್ಕೊಳ್ಳಾಕತ್ತೈತಿ."

ಎರಡು ಪ್ರಶ್ನೆಯಲ್ಲಿ ಅವನು ಏನು ಕಂಡುಕೊಂಡ? ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು ಹೆಚ್ಚುಕಡಿಮೆ 15 ಕಿಲೋ ಗಾಳಿ ಬೇಕು. ಈ ಗಾಳಿಯೆಲ್ಲ ಕಾರ್ಬ್ಯುರೇಟರಿನ ಮೂಲಕವೇ ಬರಬೇಕು, ಬರುವಾಗ ಪೆಟ್ರೋಲನ್ನು ಜೊತೆಗೆ ತರಬೇಕು. ಕಾರು ನಿಂತಲ್ಲೇ ಓಡುತ್ತಿರುವಾಗ ಕಾರ್ಬ್ಯುರೇಟರಿನ ಕದ ಬಹುತೇಕ ಮುಚ್ಚಿರುತ್ತದೆ. ಪಿಸ್ಟನ್ನುಗಳು ಮಾತ್ರ ಎಳೆಯುತ್ತಲೇ ಇರುತ್ತವೆ. ಆಗ ಕದದ ಆಚೆಗಿನ ಮ್ಯಾನಿಫೋಲ್ಡಿನಲ್ಲಿ ದೊಡ್ಡ ನಿರ್ವಾತ ಉಂಟಾಗುತ್ತದೆ. ಅಲ್ಲೊಂದು ಸಂದಿ ಇದ್ದರೆ ಪೆಟ್ರೋಲಿಲ್ಲದ ಬರೀ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ನಡುಗುತ್ತದೆ. ಘಾಟಿ ಏರುವಾಗ ಕದ ಪೂರ್ತಿ ತೆರೆದಿರುವುದರಿಂದ ನಿರ್ವಾತವೂ ಕಡಿಮೆ. ಒಳಬರುವ ಗಾಳಿಯ ಹೊಳೆಯಲ್ಲಿ ಆ ಸಂದಿಯ ಗಾಳಿ ಲೆಕ್ಕಕ್ಕಿಲ್ಲ. ಚೋಕ್ ಎಳೆದರೆ ಪೆಟ್ರೋಲ್ ಹೆಚ್ಚಾಗಿ ಕೊರತೆ ತುಂಬುತ್ತದೆ. ರಿಂಗ್ ಸವೆದ ಎಂಜಿನ್ನಾಗಿದ್ದರೆ ಮೊದಲು ಸೋಲುವುದು ಏರಿನಲ್ಲಿ.

ಮಿಸ್ತ್ರಿ ಹೇಗೋ ಎಂಜಿನ್ ಶುರು ಮಾಡಿ, ಎರಡಡಿ ಉದ್ದದ ರಬ್ಬರ್ ನಳಿಕೆಯ ಒಂದು ತುದಿಯನ್ನು ಕಿವಿಗೆ ಹಿಡಿದ; ಇನ್ನೊಂದನ್ನು ಒಂದೊಂದೇ ಜೋಡಣೆಯ ಬಳಿ ಆಡಿಸಿದ. ಹದಿನಾಲ್ಕರ ನನ್ನ ಮಗಳು ಬಗ್ಗಿ ನೋಡುತ್ತಿದ್ದಳು. "ಬಾರವಾ ತಂಗಿ, ನನ್ನ ಕಿವಿ ಹಳೇವು. ಜಡಿ ಹಿಂದಕ್ಕ ಕಟ್ಕೊ, ಫ್ಯಾನಿನ ಹತ್ರ ಹೋಗಬ್ಯಾಡ" ಎಂದು ನಳಿಕೆಯನ್ನು ಅವಳ ಕೈಗೆ ಕೊಟ್ಟ. ವ್ಯಾಕ್ಯೂಮ್ ಪೈಪಿನ ಬಳಿ ಏನೂ ಇಲ್ಲ, ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟಿನ ಬಳಿಯೂ ಇಲ್ಲ. ಕಾರ್ಬ್ಯುರೇಟರಿನ ಬುಡಕ್ಕೆ ಬಂದಾಗ ಅವಳು ಕೂಗಿದಳು: "ಅಪ್ಪಾ, ಇಲ್ಲಿ ಸುಯ್ ಅಂತಿದೆ!" ಮಿಸ್ತ್ರಿ ಬ್ರಷ್ಷಿನಿಂದ ಅಲ್ಲಿ ಸಾಬೂನು ನೀರು ಬಿಟ್ಟ. ನೀರು ಒಳಗೆ ಸರಿದುಹೋಯಿತು, ಎಂಜಿನ್ನಿನ ಸದ್ದು ಬದಲಾಯಿತು. ಕಳ್ಳ ಸಿಕ್ಕಿದ.

ಎಂಜಿನ್ ಆರಿದ ಮೇಲೆ ಕಾರ್ಬ್ಯುರೇಟರ್ ಬಿಚ್ಚಿದ. ನಟ್ಟು ಒಳಗೆ ಬೀಳದಂತೆ ಮ್ಯಾನಿಫೋಲ್ಡಿನ ಬಾಯಿಗೆ ಬಟ್ಟೆ ತುರುಕಿದ. ಬುಡದ ಮೇಲೆ ಉಕ್ಕಿನ ಅಳತೆಪಟ್ಟಿ ಇಟ್ಟರೆ ನಡುವೆ ಬೆಳಕು ಕಾಣುತ್ತಿತ್ತು. ಎರಡೂ ಕಡೆಯ ನಟ್ಟುಗಳನ್ನು ಯಾರೋ ಅತಿಯಾಗಿ ಬಿಗಿದು, ಬುಡದ ಕಿವಿಗಳೇ ಬಾಗಿದ್ದವು. ಗಾಜಿನ ಮೇಲೆ ಎಮರಿ ಕಾಗದ ಹಾಸಿ, ಬುಡವನ್ನು ನಿಧಾನವಾಗಿ ಉಜ್ಜಿ ಸಮ ಮಾಡಿದ. ಗ್ಯಾಸ್ಕೆಟ್ ಹಾಳೆಯನ್ನು ಅಂಚಿಗಿಟ್ಟು ಸುತ್ತಿಗೆಯಿಂದ ತಟ್ಟಿ ಹೊಸ ಗ್ಯಾಸ್ಕೆಟ್ ಕತ್ತರಿಸಿದ. ಒಂದು ನಟ್ಟಿಗೆ ಸ್ವಲ್ಪ, ಇನ್ನೊಂದಕ್ಕೆ ಸ್ವಲ್ಪ, ಹೀಗೆ ಸಮನಾಗಿ ಬಿಗಿದ. ಶುರು ಮಾಡಿದರೆ ಎಂಜಿನ್ ಗೂಳಿಯಂತೆ ಗರ್ಜಿಸಿತು! ದೋಷ ಮುಚ್ಚಲು ಮುಂಬಯಿಯಲ್ಲಿ ಐಡಲ್ ಸ್ಕ್ರೂವನ್ನು ಏರಿಸುತ್ತ ಬಂದಿದ್ದರು. ಅದನ್ನು ಎರಡು ಸುತ್ತು ಇಳಿಸಿದ ಮೇಲೆ ಶಾಂತವಾಯಿತು. ಹಿಂದಿನ ಸೀಟಿನಲ್ಲಿ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮುಂಬಯಿಗೆ ಮರಳಿ ನಾನೊಂದು ವ್ಯಾಕ್ಯೂಮ್ ಗೇಜ್ ಕೊಂಡೆ. ಮಾಟುಂಗಾದಲ್ಲಿ ಮುಳ್ಳು 19 ಇಂಚಿಗೆ ನಿಂತಿತು. ಮುಂದಿನ ಸಲ ಲೋಣಾವಳಾದಲ್ಲಿ ನೋಡಿದರೆ 17! ಮತ್ತೆ ಸೋರಿಕೆಯೇ ಎಂದು ಗಾಬರಿಯಾದೆ. ಅಲ್ಲ; ಸಾವಿರ ಅಡಿ ಏರಿದರೆ ಸುಮಾರು ಒಂದು ಇಂಚು ಇಳಿಯುವುದು ಸಹಜ. ಘಾಟಿಯ ಮೇಲಿನ ಗಾಳಿಯೇ ತೆಳು. ಇಗ್ನಿಷನ್ ಟೈಮಿಂಗ್ ತಡವಾಗಿದ್ದರೂ ಮುಳ್ಳು ಕೆಳಗಿರುತ್ತದೆ. ಆದ್ದರಿಂದ ಗೇಜನ್ನು ನಂಬುವ ಮೊದಲು ಎಲ್ಲಿ ನಿಂತಿದ್ದೀರಿ ಎಂದು ನೋಡಿಕೊಳ್ಳಿ.

ಅಂಬಾಸಡರ್ ತಯಾರಿಕೆ 2014ರಲ್ಲಿ ನಿಂತಿತು. ಆದರೂ ನಿಮ್ಮಲ್ಲಿ ಕೆಲವರ ಮನೆಯಲ್ಲಿ ಅಜ್ಜನ ಕಾರು ಇನ್ನೂ ಹೊದಿಕೆಯಡಿ ನಿಂತಿರಬಹುದು. ಅದಕ್ಕೆ ಕೈ ಹಾಕುವುದಾದರೆ ಕೆಲವು ಮಾತು ನೆನಪಿರಲಿ. ಸೋರಿಕೆ ಹುಡುಕಲು ಪೆಟ್ರೋಲ್ ಎರಚುವವರಿದ್ದಾರೆ. ಬಿಸಿ ಸೈಲೆನ್ಸರಿನ ಬಳಿ ಅದು ಬೆಂಕಿಗೆ ಆಹ್ವಾನ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ, ಹೊಗೆ ವಿಷ. ಹ್ಯಾಂಡ್‌ಬ್ರೇಕ್ ಎಳೆದು ನ್ಯೂಟ್ರಲ್‌ನಲ್ಲಿಡಿ, ದುಪಟ್ಟಾ ಬಿಗಿದುಕೊಳ್ಳಿ. ಬ್ರೇಕಿಗೆ ವ್ಯಾಕ್ಯೂಮ್ ಸರ್ವೋ ಇರುವ ಕಾರಾದರೆ ಅದರ ಪೈಪನ್ನೇ ಮೊದಲು ನೋಡಿ. ಅದು ಸೋರಿದರೆ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ, ಘಾಟಿ ಇಳಿಯುವಾಗ ಅಪಾಯ.

ಗುಜರಿಯವನು ಬಂದು ಬರಿಗೈಯಲ್ಲಿ ಹೋದ. ಆ ಕಾರು ಇನ್ನೂ ಒಂಬತ್ತು ವರ್ಷ ನಮ್ಮಲ್ಲಿತ್ತು. ಅವ್ವ ಮತ್ತೆ ನಾಲ್ಕು ಸಲ ಅದರಲ್ಲೇ ಧಾರವಾಡಕ್ಕೆ ಹೋಗಿಬಂದಳು. ಪ್ರತಿ ಸಲವೂ ನಿಪ್ಪಾಣಿಯಲ್ಲಿ ನಿಲ್ಲಿಸಿ ಮಿಸ್ತ್ರಿಯ ಕ್ಷೇಮ ವಿಚಾರಿಸುತ್ತಿದ್ದೆವು. ಅವನು ಮೊದಲು ಕೇಳುತ್ತಿದ್ದದ್ದು ನಮ್ಮ ಕ್ಷೇಮವನ್ನಲ್ಲ: "ಘಾಟ್ ಹೆಂಗ ಹತ್ತೀತ್ರಿ?"