ಹೊಸಕೆರೆಹಳ್ಳಿಯ ಇಳಿಜಾರು

ಮೊನ್ನೆ ಅಕ್ಕನ ಮಗಳು ಫೋನ್ ಮಾಡಿದ್ದಳು. ಓದು ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಪಿ.ಜಿ. ಊಟ ಸಾಕಾಗಿ ಇಬ್ಬರು ಗೆಳತಿಯರ ಜೊತೆ ಮನೆ ಹಿಡಿಯಬೇಕೆಂದಿದ್ದಾಳೆ. "ಮಾಮು, ಬಾಡಿಗೆ ಕಡಿಮೆ ಇರಬೇಕು, ಏರಿಯಾ ಸೇಫ್ ಇರಬೇಕು. ನೀವು ಹೊಸಕೆರೆಹಳ್ಳಿಯಲ್ಲಿ ಇದ್ದವರಲ್ವಾ, ಅಲ್ಲಿ ನೋಡಬಹುದಾ?" ಎಂದು ಕೇಳಿದಳು. ಸಂಜೆ ಹೇಳುತ್ತೇವೆ ಎಂದು ಫೋನ್ ಇಟ್ಟೆವು. ಅದು ಒಂದು ಮಾತಿನಲ್ಲಿ ಹೇಳಿ ಮುಗಿಸುವಂಥದ್ದಾಗಿರಲಿಲ್ಲ.

2003ರಲ್ಲಿ ನಾವು ನಾಲ್ವರು ಗೆಳೆಯರು ಮನೆ ಹುಡುಕಲು ಹೊರಟಿದ್ದೆವು. ಗುಲ್ಬರ್ಗಾದವನು ಔಷಧ ಕಂಪೆನಿಯ ಸೇಲ್ಸ್‌ನಲ್ಲಿದ್ದ. ಚನ್ನಪಟ್ಟಣದವನಿಗೆ ಚಾಮರಾಜಪೇಟೆಯ ಪ್ರೆಸ್ಸಿನಲ್ಲಿ ಕೆಲಸ. ಅರಸೀಕೆರೆ ಕಡೆಯ ಲಿಂಗಾಯತರ ಹುಡುಗ ಲೆಕ್ಕ ಬರೆಯುತ್ತಿದ್ದ. ನಾಲ್ಕನೆಯವನಿಗೆ ಕಥೆ ಬರೆಯುವ ಚಟ. ಅವನು ಯಾರೆಂದು ಓದುಗರಿಗೆ ಹೇಳಬೇಕಿಲ್ಲ. ಭಾನುವಾರ ಬಂತೆಂದರೆ ಗಿರಿನಗರ, ಕತ್ರಿಗುಪ್ಪೆ, ಬನಶಂಕರಿ ಮೂರನೇ ಹಂತದ ಬೀದಿಗಳಲ್ಲಿ 'ಟು-ಲೆಟ್' ಬೋರ್ಡು ನೋಡುತ್ತಾ ತಿರುಗುವುದೇ ಕೆಲಸವಾಯಿತು.

ಕೆಲವರು "ಬ್ಯಾಚುಲರ್ಸ್‌ಗೆ ಕೊಡಲ್ಲ" ಎಂದು ಬಾಗಿಲಲ್ಲೇ ಹೇಳಿಬಿಡುತ್ತಿದ್ದರು. ಅದರಲ್ಲಿ ಭೇದವಿರಲಿಲ್ಲ, ಬೇಸರವೂ ಆಗಲಿಲ್ಲ. ಉಳಿದವರು ಒಳಗೆ ಕರೆದು ಅಡುಗೆಮನೆ, ಸಂಪು, ಮೀಟರ್ ಎಲ್ಲ ತೋರಿಸುತ್ತಿದ್ದರು. ಯಾವ ಊರು, ಏನು ಕೆಲಸ ಎಂದು ವಿಚಾರಿಸಿ ಕೊನೆಗೆ ಹೆಸರು ಕೇಳುತ್ತಿದ್ದರು. ಹೆಸರು ಹೇಳಿದ ಮೇಲೆ ಅವರ ತಮ್ಮನೇ ಆ ಮನೆಗೆ ಬರುವುದು ನೆನಪಾಗುತ್ತಿತ್ತು. ಒಬ್ಬ ಹಿರಿಯರು ಕಾಫಿ ಕೊಟ್ಟು, "ನಿಮ್ಮವರು ಇರೋ ಕಡೆ ನೋಡಿ, ನಿಮಗೂ ಅನುಕೂಲ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಮಗನಿಗೆ ಬುದ್ಧಿ ಹೇಳುವಂತಿತ್ತು. ಊರಿನಿಂದ ಅಮ್ಮನೂ ಅದನ್ನೇ ಹೇಳುತ್ತಿದ್ದರು: "ಅಪ್ನೆ ಲೋಗಾಂ ಹೈ ಸೋ ಜಾಗೆ ಮೇ ರಹೋ ಬೇಟಾ." ನಮ್ಮ ಜನ ಇರುವಲ್ಲಿ ಇರು ಎಂದು. ಬೇಡವೆನ್ನುವವರೂ ಪ್ರೀತಿಸುವವರೂ ಒಂದೇ ದಾರಿ ತೋರಿಸುತ್ತಿದ್ದರು.

ಆ ದಾರಿಯಲ್ಲೂ ಹೋಗಿ ನೋಡಿದೆವು. ಪಾದರಾಯನಪುರ, ಗುರಪ್ಪನಪಾಳ್ಯ ಸುತ್ತಿದೆವು. ಅಲ್ಲಿ ಹೆಸರು ಕೇಳಿ ಯಾರ ಮುಖವೂ ಬದಲಾಗಲಿಲ್ಲ. ಆದರೆ "ಫ್ಯಾಮಿಲಿ ಇದ್ದರೆ ಬನ್ನಿ" ಎಂಬ ಮಾತು ಅಲ್ಲಿಯೂ ಇತ್ತು. ಲಿಂಗಾಯತರ ಹುಡುಗನನ್ನು ಕಂಡು "ಇವರು ಯಾಕೆ ನಿಮ್ಮ ಜೊತೆ?" ಎಂದವರೂ ಇದ್ದರು. ನಾವು ನೋಡಿದ ಒಂದೂವರೆ ಕೋಣೆಗೆ ಕೇಳಿದ ಬಾಡಿಗೆ ಕತ್ರಿಗುಪ್ಪೆಯದಕ್ಕಿಂತ ಕಡಿಮೆ ಇರಲಿಲ್ಲ. ಬೇರೆ ಕಡೆ ಬಾಗಿಲು ಮುಚ್ಚಿಸಿಕೊಂಡವರೆಲ್ಲ ಅಲ್ಲಿಗೇ ಬಂದರೆ ಬಾಡಿಗೆ ಇಳಿಯುವುದಾದರೂ ಹೇಗೆ?

ಕೊನೆಗೆ ಹೊಸಕೆರೆಹಳ್ಳಿಯಲ್ಲಿ ಮನೆ ಸಿಕ್ಕಿತು. ರಿಂಗ್ ರೋಡಿಗೆ ಹತ್ತಿರದ ಮೇಲಿನ ಬೀದಿಗಳಲ್ಲಿ ಕಾಲೇಜು ಹುಡುಗರಿಂದಾಗಿ ಬಾಡಿಗೆ ಏರಿತ್ತು. ನಮಗೆ ಸಿಕ್ಕಿದ್ದು ಇಳಿಜಾರಿನ ಕೊನೆಯ ಮನೆ, ರಾಜಕಾಲುವೆಯ ಮಗ್ಗುಲಲ್ಲಿ. ಬಾಡಿಗೆ 2,800, ಮುಂಗಡ ಹತ್ತು ತಿಂಗಳದು, 28,000. ಒಡತಿ ಹಳೆಯ ಊರಿನ ಒಕ್ಕಲಿಗ ಅಜ್ಜಿ. ಅಂದು ಅರಸೀಕೆರೆಯವನೊಬ್ಬನೇ ಹೋಗಿ ಮಾತಾಡಿದ. ಕರಾರುಪತ್ರವೂ ಅವನ ಹೆಸರಿಗೇ ಆಯಿತು. "ಜೊತೆಗೆ ಮೂವರು ಫ್ರೆಂಡ್ಸ್ ಇರ್ತಾರೆ" ಎಂದಷ್ಟೇ ಹೇಳಿ ಬಂದ. ಹಾಗೆ ಮಾಡೋಣವೆಂದವರು ನಾವೇ. ಅವನು ಬೇಡವೆಂದಿದ್ದ.

ಮೂರು ತಿಂಗಳು ಆ ಮನೆಯಲ್ಲಿ ಅಡಗಿಕೊಂಡವರಂತೆ ಇದ್ದೆವು. ಬೀದಿಯಲ್ಲಿ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುತ್ತಿರಲಿಲ್ಲ, "ಗುರೂ" ಎಂದು ಕರೆಯುತ್ತಿದ್ದೆವು. ಸಲಾಂ ಬಾಗಿಲೊಳಗೇ ಮುಗಿಯುತ್ತಿತ್ತು. ಮಾಂಸ ತರುವ ಧೈರ್ಯವಾಗಲಿಲ್ಲ. ಆ ಲಿಂಗಾಯತರ ಹುಡುಗನ ಅಡುಗೆಯನ್ನೇ ಉಂಡೆವು. ಅಕ್ಟೋಬರ್ ಕೊನೆಯಲ್ಲಿ ರಮಝಾನ್ ಬಂತು. ಸಹ್ರಿಗೆ ಏಳುವಾಗ ಕಿಟಕಿಗೆ ಹೊದಿಕೆ ಕಟ್ಟಿ, ಮೋಂಬತ್ತಿ ಹಚ್ಚಿ ಉಣ್ಣುತ್ತಿದ್ದೆವು. ಐದನೆಯ ದಿನವೋ ಆರನೆಯ ದಿನವೋ, ಅಜ್ಜಿ ಬಾಗಿಲು ತಟ್ಟಿದರು. "ಕರೆಂಟ್ ಐತಲ್ಲ, ಕತ್ಲಲ್ಲಿ ಯಾಕ್ರಪ್ಪಾ ಉಣ್ತೀರ?" ಎಂದರು.

ಹೇಳಿದೆವು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಮೊದ್ಲೇ ಹೇಳಿದ್ರೆ ಕೊಡ್ತಿರ್ಲಿಲ್ಲ ಅನ್ಸುತ್ತೆ ಕಣ್ರಪ್ಪಾ. ಈಗ ಹೆಂಗೆ ಬಿಡ್ಸೋದು? ಆದ್ರೆ ನೀವು ಸುಳ್ಳು ಹೇಳಿದ್ದು ಸರಿಯಲ್ಲ" ಎಂದು ಹೋದರು. ಮರುವರ್ಷ ಕರಾರು ಹೊಸದು ಮಾಡುವಾಗ ನಾಲ್ವರ ಹೆಸರನ್ನೂ ಬರೆಸಿದರು, ಬಾಡಿಗೆಗೆ ಇನ್ನೂರು ಸೇರಿಸಿದರು. ಆ ಮನೆಯಲ್ಲಿ ನಾಲ್ಕು ವರ್ಷವಿದ್ದೆವು. "ಕೊಡ್ತಿರ್ಲಿಲ್ಲ" ಎಂಬ ಅವರ ಮಾತು ಇಂದಿಗೂ ನಮ್ಮೊಳಗಿದೆ. ಅಂಥ ನೇರ ಮಾತು ನಮ್ಮ ಬಾಯಿಂದ ಬರಲಿಲ್ಲವಲ್ಲ ಎಂಬ ನಾಚಿಕೆಯೂ ಇದೆ.

ಇದು ನಾಲ್ವರದೇ ಕಥೆಯಾಗಿದ್ದರೆ ಬರೆಯಬೇಕಿರಲಿಲ್ಲ. ಮುಸ್ಲಿಮರಿಗೆ ಬಾಡಿಗೆ ಮನೆ ಸಿಗುವುದು ಕಷ್ಟವೆಂಬುದನ್ನು 2006ರ ಸಾಚಾರ್ ವರದಿ ದಾಖಲಿಸಿದೆ. ಸುಖದೇವ್ ಥೋರಟ್ ಮತ್ತು ಸಂಗಡಿಗರು ದೆಹಲಿಯ ಸುತ್ತಮುತ್ತ ಬೇರೆ ಬೇರೆ ಹೆಸರಿನಲ್ಲಿ ಮನೆ ಕೇಳಿ ನೋಡಿ, 2015ರಲ್ಲಿ ಅದನ್ನು ಪ್ರಕಟಿಸಿದರು. ಮೇಲ್ಜಾತಿಯ ಹೆಸರಿಗೆ ಬಾಗಿಲು ಸಲೀಸಾಗಿ ತೆರೆದಿತ್ತು, ದಲಿತ ಹೆಸರಿಗೆ ಕಡಿಮೆ, ಮುಸ್ಲಿಂ ಹೆಸರಿಗೆ ಇನ್ನೂ ಕಡಿಮೆ. ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳಲ್ಲಿ ಜಾತಿ ಧರ್ಮದ ಕಾರಣಕ್ಕೆ ಯಾರನ್ನೂ ತಡೆಯಬಾರದು ಎನ್ನುತ್ತದೆ ಸಂವಿಧಾನದ 15ನೇ ವಿಧಿ. ಬಾಡಿಗೆ ಮನೆ ಆ ಪಟ್ಟಿಯಲ್ಲಿಲ್ಲ. ಅಮೆರಿಕದಲ್ಲಿ ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಬಣ್ಣ, ಧರ್ಮ ನೋಡಬಾರದೆಂದು 1968ರಲ್ಲೇ ಕಾಯ್ದೆ ಬಂತು, ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ವಾರದಲ್ಲಿ.

ಆ ಮನೆಗೆ ಬಾಡಿಗೆ ಯಾಕೆ ಕಡಿಮೆ ಇತ್ತು ಎಂಬುದು ಮೊದಲ ಮಳೆಗಾಲದಲ್ಲೇ ಗೊತ್ತಾಗಿತ್ತು. ಅಜ್ಜಿಯ ಮಂಚದ ನಾಲ್ಕು ಕಾಲಿಗೂ ಇಟ್ಟಿಗೆ ಇತ್ತು, ನಾವೂ ಇಟ್ಟೆವು. ಊರಿನ ಹೆಸರಲ್ಲೇ ಕೆರೆ ಇದೆ. ನೀರು ತನ್ನ ಹಳೆಯ ದಾರಿ ಮರೆತಿರಲಿಲ್ಲ. ನಾವು ಬಿಟ್ಟು ಬಂದು ಎಷ್ಟೋ ವರ್ಷಗಳ ಮೇಲೆ, 2020ರ ಅಕ್ಟೋಬರ್ 23ರ ಸಂಜೆಯ ಮಳೆಗೆ ಹೊಸಕೆರೆಹಳ್ಳಿಯ ರಾಜಕಾಲುವೆ ಉಕ್ಕಿತು. ದತ್ತಾತ್ರೇಯ ನಗರ, ಗುರುದತ್ತ ಬಡಾವಣೆಯ ಮನೆಗಳಿಗೆ ನೀರು ನುಗ್ಗಿತು. ಆ ರಾತ್ರಿ ಟಿ.ವಿ. ಮುಂದೆ ಕೂತು ನಾಲ್ವರೂ ಫೋನಿನಲ್ಲಿ ಮಾತಾಡಿಕೊಂಡೆವು. ಅಜ್ಜಿ ಆಗಲೇ ತೀರಿಕೊಂಡಿದ್ದರು. ಅಂಥ ಇಳಿಜಾರಿನ ಮನೆಗಳಲ್ಲಿ ಈಗ ಯಾರಿದ್ದಾರೆ ಎಂದು ಕೇಳಿಕೊಂಡೆವು. ಬೇರೆಲ್ಲೂ ಸಿಗದವರೇ ಇದ್ದಾರು.

ಸಂಜೆ ಹುಡುಗಿಗೆ ಫೋನ್ ಮಾಡಿದೆವು. ಹೊಸಕೆರೆಹಳ್ಳಿ ಬೇಡವೆಂದು ಹೇಳಲಿಲ್ಲ. ಮನೆಯನ್ನು ಮಳೆ ಬಂದ ಮರುದಿನ ನೋಡು. ಗೋಡೆಯ ಬುಡದಲ್ಲಿ ತೇವದ ಗೆರೆ ಎಷ್ಟು ಎತ್ತರಕ್ಕಿದೆ ನೋಡು. ರಾಜಕಾಲುವೆ ಎಲ್ಲಿದೆ ಎಂದು ಓನರ್‌ನಲ್ಲಿ ಕೇಳಬೇಡ, ಎದುರುಮನೆಯವರಲ್ಲಿ ಕೇಳು. ರಾತ್ರಿ ಒಂಬತ್ತಕ್ಕೆ ಬಸ್ ಸ್ಟಾಪಿನಿಂದ ಮನೆವರೆಗೆ ಒಮ್ಮೆ ನಡೆದು ನೋಡಿ, ಮೂವರೂ. ಕರಾರಿನಲ್ಲಿ ಮೂವರ ಹೆಸರೂ ಇರಲಿ.

"ಮತ್ತೆ, ನಿನ್ನ ಹೆಸರನ್ನು ಮೊದಲೇ ಹೇಳು. ಅಡುಗೆಮನೆ ನೋಡುವ ಮುಂಚೆಯೇ" ಎಂದೆವು.

"ಮೊದಲೇ ಹೇಳಿದರೆ ಮನೆ ಸಿಗುತ್ತಾ ಮಾಮು?"

ತಡವಾಗಬಹುದು ಎಂದೆವು. ಇನ್ನೂ ನಾಲ್ಕು ಭಾನುವಾರ ತಿರುಗಬೇಕಾಗಬಹುದು. ಆದರೆ ಸಿಕ್ಕ ಮನೆಯಲ್ಲಿ ಸಹ್ರಿಗೆ ಎದ್ದಾಗ ಲೈಟು ಹಾಕಿಕೊಂಡು ಉಣ್ಣಬಹುದು.