ಕಾಫಿಯಲ್ಲಿ ಕರಗಿದ ಆನೆ

ಸಂಕ್ರಾಂತಿ ಕಳೆದು ತಿಂಗಳಾಗುವವರೆಗೂ ನಮ್ಮ ಮನೆಯಲ್ಲಿ ಕಾಫಿಗೆ ಸಕ್ಕರೆ ಹಾಕುತ್ತಿರಲಿಲ್ಲ, ಪ್ರಾಣಿಗಳನ್ನು ಹಾಕುತ್ತಿದ್ದರು. ಅಪ್ಪನ ಲೋಟಕ್ಕೆ ಒಂದು ಗಿಳಿ ಸಾಕು. ಸಿಹಿ ಜಾಸ್ತಿ ಬೇಕೆನ್ನುವ ಚಿಕ್ಕಪ್ಪನಿಗೆ ಒಂದು ಮೀನು, ಜೊತೆಗೆ ಮುರಿದ ಕುದುರೆಯ ಹಿಂಗಾಲು. ಆನೆ ಮಾತ್ರ ಒಬ್ಬರ ಲೋಟಕ್ಕೆ ಆಗುವಂಥದ್ದಲ್ಲ. ನೆಂಟರು ಬಂದ ದಿನ ಅದನ್ನು ಡಿಕಾಕ್ಷನ್ ಬೆರೆಸುವ ಪಾತ್ರೆಗೇ ಇಳಿಸುತ್ತಿದ್ದರು. ‘ಆನೆ ಹಾಕಿದೀನಿ, ಸಿಹಿ ಸರಿಯಾಗಿದ್ಯಾ ನೋಡಿ’ ಎಂದು ಅಮ್ಮ ಕೇಳಿದರೆ ಹೊರಗಿನ ಊರಿನಿಂದ ಬಂದ ಹೊಸ ಅಳಿಯಂದಿರು ಲೋಟದೊಳಗೆ ಇಣುಕುತ್ತಿದ್ದರು. ಮೈಸೂರಿನವರೇ ಆದರೆ, ‘ಸೊಂಡಿಲು ತೆಗೆದು ಹಾಕಬಹುದಿತ್ತು, ಒಂಚೂರು ಮುಂದಾಯ್ತು’ ಎಂದು ನಿಧಾನವಾಗಿ ಉತ್ತರ ಕೊಡುತ್ತಿದ್ದರು.

ಹಳೇ ಮೈಸೂರು ಸೀಮೆಯಲ್ಲಿ ಎಳ್ಳಿನ ಜೊತೆ ಬೀರುವ ಸಕ್ಕರೆ ಅಚ್ಚುಗಳ ವಿಷಯ ಇದು. ಉತ್ತರ ಕರ್ನಾಟಕದವರಿಗೆ ಇವುಗಳ ದಾಯಾದಿಗಳು ಗೊತ್ತು. ಅಲ್ಲಿ ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ. ನಿಶ್ಚಯವಾದ ಹುಡುಗಿಯ ಮನೆಗೆ ಗಂಡಿನ ಕಡೆಯವರು ಸಕ್ಕರೆಯ ಗೊಂಬೆಗಳನ್ನು ಹೊತ್ತುಕೊಂಡು ಹೋಗುತ್ತಾರೆ. ಧಾರವಾಡದ ಗೆಳತಿಯೊಬ್ಬಳು ನಮ್ಮ ತಟ್ಟೆ ನೋಡಿ, ‘ನಮ್ಮಲ್ಲಿ ಬಣ್ಣಬಣ್ಣದ್ದು ಇರ್ತಾವ, ನಿಮ್ಮವು ಯಾಕ ಹಿಂಗ ಬಿಳಿಚ್ಕೊಂಡಾವ?’ ಎಂದು ಕೇಳಿದ್ದಳು. ನಮ್ಮಜ್ಜಿ ಕೇಳಿಸಿಕೊಂಡಿದ್ದರೆ ಅವತ್ತೇ ಒಂದು ಗಡಿ ವಿವಾದ ಶುರುವಾಗುತ್ತಿತ್ತು. ಅಜ್ಜಿಯ ಮಟ್ಟಿಗೆ ಬಿಳುಪೇ ಅಚ್ಚಿನ ಕುಲಗೋತ್ರ. ಬಣ್ಣ ಹಾಕುವುದು ಕೊಳೆ ಮುಚ್ಚಿಕೊಳ್ಳುವವರ ಉಪಾಯ ಎನ್ನುವುದು ಅವಳ ತೀರ್ಪು, ಅದಕ್ಕೆ ಮೇಲ್ಮನವಿ ಇರಲಿಲ್ಲ.

ಧನುರ್ಮಾಸದ ಚಳಿಯಲ್ಲಿ, ಹಬ್ಬ ಇನ್ನೂ ದೂರವಿರುವಾಗಲೇ, ಅಟ್ಟದಿಂದ ತೇಗದ ಅಚ್ಚುಗಳು ಇಳಿಯುತ್ತಿದ್ದವು. ಬೃಂದಾವನ, ಮಂಟಪ, ಬಾಳೆಗೊನೆ, ನವಿಲು, ಆನೆ, ಕುದುರೆ, ಗಿಳಿ, ಮೀನು. ಒಂದೊಂದೂ ಎರಡು ಹೋಳು. ಈ ಹೋಳಿನಲ್ಲಿ ಆನೆಯ ಎಡಮಗ್ಗುಲು, ಆ ಹೋಳಿನಲ್ಲಿ ಬಲಮಗ್ಗುಲು. ಎರಡನ್ನೂ ಸೇರಿಸಿ ಕಟ್ಟಿದರೆ ಒಳಗೆ ಆನೆಯಷ್ಟೇ ಜಾಗ, ಬುಡದಲ್ಲಿ ಪಾಕ ಹುಯ್ಯಲು ಬಾಯಿ. ಇಡೀ ರಾತ್ರಿ ನೀರಿನಲ್ಲಿ ನೆನೆಹಾಕಬೇಕು. ಒಣಗಿದ ಮರ ಪಾಕವನ್ನು ಹೀರಿ ಕಚ್ಚಿಕೊಂಡುಬಿಡುತ್ತದೆ, ಬಿಡಿಸಿದಾಗ ಆನೆ ಹೊರಗೆ ಬಂದು ಕಿವಿ ಒಳಗೇ ಉಳಿಯುತ್ತದೆ. ಕಟ್ಟಲು ಹಳೇ ಸೈಕಲ್ ಟ್ಯೂಬಿನ ಪಟ್ಟಿ. ಆ ಟ್ಯೂಬನ್ನು ಬಳೆಬಳೆಯಾಗಿ ಕತ್ತರಿಸಿ ಕೊಡುವುದು ಅಪ್ಪನ ಕೆಲಸ. ವರ್ಷಕ್ಕೊಮ್ಮೆ ಅಡುಗೆಮನೆಗೆ ಅವರು ಸಲ್ಲಿಸುತ್ತಿದ್ದ ಸೇವೆ ಇದೊಂದೇ, ಆದರೆ ಯುಗಾದಿಯವರೆಗೂ ‘ನಾವೆಲ್ಲ ಸೇರಿ ಅಚ್ಚು ಹುಯ್ದಾಗ’ ಎಂದೇ ಮಾತು ಶುರುಮಾಡುತ್ತಿದ್ದರು.

ಸಕ್ಕರೆ ಸುಲಭಕ್ಕೆ ಸಿಗುತ್ತಿರಲಿಲ್ಲ. 1970ರ ದಶಕದಲ್ಲಿ ರೇಷನ್ ಕಾರ್ಡಿನ ಮೇಲೆ ತಲೆಗಿಷ್ಟು ಎಂದು ಅಳೆದು ಕೊಡುತ್ತಿದ್ದ ಸಕ್ಕರೆಯನ್ನು ಅಮ್ಮ ದೀಪಾವಳಿಯಿಂದಲೇ ಅಡಗಿಸಿಡಲು ಶುರುಮಾಡುತ್ತಿದ್ದಳು. ಡಬ್ಬದ ಮೇಲೆ ‘ಮೆಂತ್ಯ’ ಎಂದು ಬರೆದಿರುತ್ತಿತ್ತು. ಮಕ್ಕಳು ಮುಟ್ಟದ ವಸ್ತುವಿನ ಹೆಸರು ಬರೆಯುವುದು ಆ ಕಾಲದ ಪಾಸ್‌ವರ್ಡ್. ಅಜ್ಜಿಗೆ ಸಕ್ಕರೆ ಮಂಡ್ಯದ್ದೇ ಆಗಬೇಕು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿದಾಗ ಅವಳು ಚಿಕ್ಕ ಹುಡುಗಿಯಂತೆ. ‘ನಮ್ಮ ಮಹಾರಾಜರ ಸಕ್ಕರೆ’ ಎನ್ನುವ ಅಭಿಮಾನ ಕೊನೆಯವರೆಗೂ ಹೋಗಲಿಲ್ಲ. ರೇಷನ್ ಅಂಗಡಿಯ ಮೂಟೆಗೆ ಯಾವ ಊರಿನ ಸಕ್ಕರೆ ಬರುತ್ತಿತ್ತೋ ಅಂಗಡಿಯವನಿಗೂ ತಿಳಿದಿರಲಿಕ್ಕಿಲ್ಲ. ಆದರೂ ಅಜ್ಜಿ ಹಿಡಿಯಲ್ಲಿ ತೆಗೆದುಕೊಂಡು, ಮೂಸಿ, ‘ಮಂಡ್ಯದ್ದೇ’ ಎಂದು ಮೊಹರು ಒತ್ತಿದ ಮೇಲೆಯೇ ಒಲೆ ಹಚ್ಚುವುದು.

ಪಾಕ ಕುದಿಯುವಾಗ ಸ್ವಲ್ಪ ಹಾಲು ಹುಯ್ದರೆ ಅದು ಒಡೆದು, ಸಕ್ಕರೆಯ ಕೊಳೆಯನ್ನೆಲ್ಲ ಹಿಡಿದುಕೊಂಡು ಮೇಲೆ ತೇಲುತ್ತದೆ. ಅದನ್ನು ತೆಗೆದು, ಒದ್ದೆ ಮಲ್ಲು ಬಟ್ಟೆಯಲ್ಲಿ ಶೋಧಿಸಬೇಕು. ಅಲ್ಲಿಗೆ ಸಾಮಾನ್ಯರ ಕೆಲಸ ಮುಗಿಯಿತು, ಮುಂದಿನದು ಅಜ್ಜಿಯದು. ಹಿಡಿ ಇರುವ ಚಿಕ್ಕ ಹಿತ್ತಾಳೆ ಪಾತ್ರೆಯಲ್ಲಿ ಒಂದೆರಡು ಅಚ್ಚಿಗಾಗುವಷ್ಟೇ ಪಾಕ ತೆಗೆದುಕೊಂಡು, ಇದ್ದಿಲ ಒಲೆಯ ಮೇಲೆ ಕೈಬಿಡದೆ ತಿರುವುತ್ತ ಕೂರುವಳು. ತಿಳಿಯಾಗಿದ್ದ ಪಾಕ ಅಂಚಿನಲ್ಲಿ ಮಬ್ಬಾಗುತ್ತ ಬರುವ ಒಂದು ಗಳಿಗೆ ಇದೆ. ಅದಕ್ಕೆ ಮುಂಚೆ ಹುಯ್ದರೆ ಅಚ್ಚು ಗಟ್ಟಿಯಾಗದೆ ಅಂಟುತ್ತದೆ, ಆ ಗಳಿಗೆ ದಾಟಿದರೆ ಪಾತ್ರೆಯಲ್ಲೇ ಕಲ್ಲಾಗುತ್ತದೆ. ಎಷ್ಟೋ ವರ್ಷಗಳ ಮೇಲೆ ಕಾಲೇಜಿನ ರಸಾಯನಶಾಸ್ತ್ರದ ಪಾಠದಲ್ಲಿ ಇದರ ಗುಟ್ಟು ತಿಳಿಯಿತು. ಕುದಿದ ಪಾಕದಲ್ಲಿ ಆ ನೀರು ತಾಳಿಕೊಳ್ಳುವುದಕ್ಕಿಂತ ಹೆಚ್ಚು ಸಕ್ಕರೆ ಕರಗಿ ಕೂತಿರುತ್ತದೆ. ಬಿಡದೆ ಕಲಕಿದರೆ ಅದು ಒಂದೇ ಸಲಕ್ಕೆ ಲೆಕ್ಕವಿಲ್ಲದಷ್ಟು ಸಣ್ಣ ಸಣ್ಣ ಹರಳುಗಳಾಗಿ ಒಡೆದುಕೊಳ್ಳುತ್ತದೆ. ಆ ಸಣ್ಣತನದಿಂದಲೇ ಬಿಳುಪು. ಅಂಥದೇ ಪಾಕವನ್ನು ದಿನಗಟ್ಟಲೆ ಅಲುಗಿಸದೆ ಬಿಟ್ಟರೆ ದೊಡ್ಡ ಹರಳು ಕಟ್ಟಿ ಕಲ್ಲುಸಕ್ಕರೆಯಾಗುತ್ತದೆ. ಮೇಷ್ಟರು ಇದನ್ನು ಬೋರ್ಡಿನ ಮೇಲೆ ಬಿಡಿಸಿ ವಿವರಿಸುತ್ತಿದ್ದಾಗ ನನಗೆ ಕೇಳಿಸುತ್ತಿದ್ದದ್ದು, ‘ಮಾತಾಡಿಸಬೇಡ್ರೇ, ಮಬ್ಬು ಬರ್ತಾ ಇದೆ!’ ಎನ್ನುವ ಅಜ್ಜಿಯ ಕೂಗು.

ಅವಳಿಗೆ ಇದಕ್ಕಿಂತ ಕಷ್ಟದ ಕುಸುರೆಳ್ಳೂ ಬರುತ್ತಿತ್ತು. ಸಣ್ಣ ಕೆಂಡದ ಮೇಲೆ ತಟ್ಟೆಯಿಟ್ಟು, ಎಳ್ಳಿಗೆ ತೊಟ್ಟು ತೊಟ್ಟೇ ಪಾಕ ಬಿಡುತ್ತ, ಬೆರಳಲ್ಲಿ ಹೊರಳಿಸುತ್ತ, ಒಂದೊಂದು ಕಾಳಿನ ಮೇಲೂ ಸಕ್ಕರೆಯ ಮುಳ್ಳು ಏಳುವವರೆಗೆ ಕೂರಬೇಕು. ಅದನ್ನು ಅವಳಿಂದ ಯಾರೂ ಕಲಿಯಲಿಲ್ಲ. ಕಲಿಯಬೇಕು ಎಂದು ಯಾರಿಗೂ ಅನ್ನಿಸಲೂ ಇಲ್ಲ.

ಉಳಿದವರಿಗೆ ಕೆಲಸ ಇಲ್ಲ ಎಂದಲ್ಲ. ತಿಪಟೂರಿನ ಕೊಬ್ಬರಿಯ ಕಂದು ಸಿಪ್ಪೆಯನ್ನು ಗಾಜಿನ ಚೂರಿನಿಂದ ಹೆರೆಯಬೇಕು, ಆಮೇಲೆ ಸಣ್ಣಗೆ ಹೆಚ್ಚಬೇಕು. ಬೆಲ್ಲವನ್ನು ಅಡಿಕೆ ಕತ್ತರಿಯಲ್ಲಿ ಚೂರು ಮಾಡಬೇಕು. ಕಡಲೆಕಾಯಿ ಬೀಜ ಹುರಿದು, ಉಜ್ಜಿ, ಮೊರದಲ್ಲಿ ಕೇರಿ ಹೊಟ್ಟು ಹಾರಿಸಬೇಕು. ಕೊಬ್ಬರಿಯ ಹೋಳು ನೋಡಿಯೇ ಸೊಸೆಯ ಯೋಗ್ಯತೆ ಅಳೆಯುವ ಹಿರಿಯರು ಬೀದಿಗೊಬ್ಬರಿದ್ದರು. ನಮ್ಮ ಚಿಕ್ಕಮ್ಮ ಬಿ.ಎಸ್ಸಿ.ಯಲ್ಲಿ ಫಸ್ಟ್ ಕ್ಲಾಸ್. ಕೊಬ್ಬರಿಯಲ್ಲಿ ಮಾತ್ರ ಜಸ್ಟ್ ಪಾಸ್. ಹೆಚ್ಚಿದ್ದನ್ನೆಲ್ಲ ಮಾಳಿಗೆಯ ಮೇಲೆ ಹಳೇ ಸೀರೆ ಹಾಸಿ ಒಣಗಿಸುವಾಗ ಕಾಗೆ ಕಾಯಲು ಮಕ್ಕಳನ್ನು ಕೂರಿಸುತ್ತಿದ್ದರು. ಸಂಜೆ ಅಳೆದು ನೋಡಿ, ‘ಈ ಸಲ ಕಾಗೆ ಜಾಸ್ತಿ’ ಎಂದು ಅಮ್ಮ ನಮ್ಮನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದಳು. ಕಾಗೆಗಳು ಬೆಲ್ಲವನ್ನು ಬಿಟ್ಟು ಕೊಬ್ಬರಿಯನ್ನೇ ಆರಿಸಿ ತಿನ್ನುವುದನ್ನು ಯಾವಾಗ ಕಲಿತವು ಎಂಬುದು ಅವಳ ಪ್ರಶ್ನೆ.

ಹಬ್ಬದ ಸಂಜೆ ನಾವು ರೇಷ್ಮೆ ಲಂಗ ಉಟ್ಟು, ಜಡೆಗೆ ಕುಚ್ಚು ಹಾಕಿಕೊಂಡು, ತಟ್ಟೆಗೆ ಕ್ರೋಶಾ ಹೊದಿಕೆ ಮುಚ್ಚಿ ಎಳ್ಳು ಬೀರಲು ಹೊರಟರೆ ಬೀದಿಯಲ್ಲಿ ಒಂದು ದೊಡ್ಡ ವ್ಯಾಪಾರ ನಡೆಯುತ್ತಿತ್ತು. ಯಾರ ಮನೆಗೆ ಬೃಂದಾವನ, ಯಾರ ಮನೆಗೆ ಗಿಳಿ ಎನ್ನುವುದು ಅಮ್ಮನ ಖಾತೆಯಲ್ಲಿ ಮೊದಲೇ ನಮೂದಾಗಿರುತ್ತಿತ್ತು. ಹೋದ ವರ್ಷ ಮಂಟಪ ಕೊಟ್ಟವರಿಗೆ ಈ ವರ್ಷ ಮಂಟಪ. ಬಾಲ ಮುರಿದ ನವಿಲು ಕಳಿಸಿದವರಿಗೆ ನಮ್ಮಲ್ಲೂ ಒಂದು ನವಿಲು ಎತ್ತಿಟ್ಟಿರುತ್ತಿತ್ತು, ಬಾಲವಿಲ್ಲದ್ದೇ. ಹೊಸದಾಗಿ ಮದುವೆಯಾದವರ ಲೆಕ್ಕ ಬೇರೆ: ಮೊದಲ ವರ್ಷ ಮುತ್ತೈದೆಯರಿಗೆ ಐದೈದು ಬಾಳೆಹಣ್ಣು, ಮರುವರ್ಷ ಹತ್ತತ್ತು, ಹೀಗೆ ಐದು ವರ್ಷ ಏರುತ್ತ ಹೋಗುತ್ತದೆ. ಐದನೆಯ ವರ್ಷದ ಹೊತ್ತಿಗೆ ಆ ಗಂಡ ಬಾಳೆಮಂಡಿಯವರ ಹೆಸರು ಹಿಡಿದು ಮಾತಾಡಿಸುವಷ್ಟು ಪಳಗಿರುತ್ತಿದ್ದ.

ತಟ್ಟೆ ಕೊಡುವಾಗ ‘ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ’ ಎನ್ನಬೇಕು. ಆಗ ಅದು ಬರೀ ಶಿಷ್ಟಾಚಾರವಾಗಿರಲಿಲ್ಲ, ಬೀದಿಯ ಅಗತ್ಯವಾಗಿತ್ತು. ನಲ್ಲಿ ನೀರಿಗೆ ಜಗಳ, ರಂಗೋಲಿ ತುಳಿದ ಹಸುವಿಗಾಗಿ ಜಗಳ, ಕೊಟ್ಟ ಕಾಫಿಪುಡಿ ವಾಪಸು ಬಾರದ ಜಗಳ. ಪಕ್ಕದ ಮನೆಯವರೂ ನಾವೂ ಒಂದು ವರ್ಷ ದಸರಾದಿಂದ ಮಾತು ಬಿಟ್ಟಿದ್ದೆವು. ಸಂಕ್ರಾಂತಿಯ ದಿನ ಅಮ್ಮ ಬಹಳ ಹೊತ್ತು ಯೋಚಿಸಿ, ಇದ್ದುದರಲ್ಲೇ ದೊಡ್ಡ ಆನೆಯನ್ನು ತಟ್ಟೆಯಲ್ಲಿಟ್ಟು, ‘ಮಾತಾಡಬೇಡ, ಕೊಟ್ಟು ಬಾ’ ಎಂದಳು. ಅರ್ಧ ಗಂಟೆಯಲ್ಲಿ ಆ ಮನೆಯ ಹುಡುಗಿ ಅದಕ್ಕಿಂತ ದೊಡ್ಡ ಬೃಂದಾವನ ಹಿಡಿದುಕೊಂಡು ನಮ್ಮ ಬಾಗಿಲಲ್ಲಿ ನಿಂತಿದ್ದಳು. ಅಮ್ಮನಿಗೆ ಖುಷಿಯೂ ಆಯಿತು, ಸೋತೆನಲ್ಲ ಎನ್ನುವ ಸಂಕಟವೂ ಆಯಿತು. ಈಗ ನಾನಿರುವ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಎದುರು ಬಾಗಿಲಿನವರ ಜೊತೆ ನನ್ನದೇನೂ ಜಗಳವಿಲ್ಲ. ಜಗಳ ಆಡುವಷ್ಟು ಪರಿಚಯವೇ ಇಲ್ಲದ ಮೇಲೆ ಯಾವ ಎಳ್ಳು ಏನನ್ನು ರಾಜಿ ಮಾಡಿಸೀತು?

ಹಳೆಯದೆಲ್ಲ ಚೆನ್ನಾಗಿತ್ತು ಎಂದು ಹೇಳುವವರನ್ನು ಕಂಡರೆ ನನಗೆ ಅನುಮಾನ. ಅವರು ಸಾಮಾನ್ಯವಾಗಿ ಪಾಕದ ಮುಂದೆ ಕೂತವರಲ್ಲ, ಅಚ್ಚು ತಿಂದವರು. ಅಮ್ಮನ ಬೆರಳುಗಳ ಮೇಲೆ ಜನವರಿ ತಿಂಗಳೆಲ್ಲ ಬೊಬ್ಬೆ ಇರುತ್ತಿತ್ತು. ಇನ್ನು ಅಜ್ಜಿ. ನಾನು ನೋಡಿದಾಗಿನಿಂದ ಅವಳು ವಿಧವೆ. ಬೀದಿಯಲ್ಲೇ ಒಳ್ಳೆಯ ಬೃಂದಾವನ ಹುಯ್ಯುತ್ತಿದ್ದವಳು ಎಳ್ಳು ಬೀರುವ ಹೊತ್ತಿಗೆ ಒಳಕೋಣೆಗೆ ಹೋಗಿಬಿಡುತ್ತಿದ್ದಳು. ಅರಿಸಿನ ಕುಂಕುಮದ ತಟ್ಟೆ ಹಿಡಿದು ಬಂದ ಯಾವ ಹುಡುಗಿಯೂ ಅವಳ ಮುಂದೆ ನಿಲ್ಲುತ್ತಿರಲಿಲ್ಲ, ನಾನೂ ಸೇರಿ. ಎಲ್ಲ ಮುಗಿದ ಮೇಲೆ ಹೊರಗೆ ಬಂದು, ಬೇರೆ ಮನೆಗಳಿಂದ ಬಂದ ಅಚ್ಚುಗಳನ್ನು ಬೆಳಕಿಗೆ ಹಿಡಿದು ನೋಡುತ್ತ, ‘ಇದು ಮಬ್ಬು ಬರೋಕ್ಮುಂಚೆ ಹುಯ್ದಿರೋದು’, ‘ಇವರು ಹಾಲಿಗೆ ಜಿಪುಣತನ ಮಾಡಿದಾರೆ’ ಎಂದು ಒಂದೊಂದಕ್ಕೂ ಅಂಕ ಹಾಕುತ್ತಿದ್ದಳು. ಆ ಪದ್ಧತಿ ಹೋಗಿದ್ದರೆ ನನಗೆ ಯಾವ ದುಃಖವೂ ಇಲ್ಲ. ಆದರೆ ಪೂರ್ತಿ ಹೋಗಿಲ್ಲ. ಹೋದದ್ದು ಅಚ್ಚು ಹುಯ್ಯುವ ಕೈ ಮಾತ್ರ.

ಅಚ್ಚುಗಳಂತೂ ಧಾರಾಳವಾಗಿ ಸಿಗುತ್ತವೆ. ಜನವರಿಯ ಮೊದಲ ವಾರದಿಂದ ಗಾಂಧಿ ಬಜಾರಿನಲ್ಲೂ ಮಲ್ಲೇಶ್ವರದಲ್ಲೂ ರಾಶಿ ಹಾಕಿರುತ್ತಾರೆ, ಗುಲಾಬಿ, ಹಳದಿ, ಹಸಿರು ಬಣ್ಣದವೂ ಇವೆ. ಬೆರೆಸಿಟ್ಟ ಎಳ್ಳು ಬೆಲ್ಲ ಕೇಜಿ ಲೆಕ್ಕದಲ್ಲಿ ಸಿಗುತ್ತದೆ; ಕೊಬ್ಬರಿಯ ಹೋಳುಗಳು ಚಿಕ್ಕಮ್ಮ ನೋಡಿದರೆ ಅಳುವಷ್ಟು ಸಮವಾಗಿರುತ್ತವೆ. ನಾನೂ ಕೊಳ್ಳುತ್ತೇನೆ, ಪುಟ್ಟ ಪ್ಯಾಕೆಟ್ ಮಾಡಿ ಹಂಚುತ್ತೇನೆ. ಹೋದ ಸಂಕ್ರಾಂತಿಗೆ ಬೆಳಗ್ಗೆ ನಾನು ಮೂರನೇ ಮಹಡಿಗೆ ಕೊಟ್ಟ ಪ್ಯಾಕೆಟ್ ಸಂಜೆ ಏಳನೇ ಮಹಡಿಯಿಂದ ನನಗೇ ವಾಪಸು ಬಂತು. ನಾನು ಕಟ್ಟಿದ್ದ ಕೆಂಪು ದಾರ ಹಾಗೇ ಇತ್ತು. ಯಾರೂ ಬಿಚ್ಚಿರಲಿಲ್ಲ. ಬಿಚ್ಚುವುದಾದರೂ ಹೇಗೆ? ಡಬ್ಬದಲ್ಲಿ ಸಕ್ಕರೆ ಇರದ ಕಾಲದಲ್ಲಿ ಎಲ್ಲರಿಗೂ ತಿನ್ನುವ ಅಪ್ಪಣೆ ಇತ್ತು. ಈಗ ಡಬ್ಬ ತುಂಬಿದೆ, ಡಾಕ್ಟರ ಅಪ್ಪಣೆ ಇಲ್ಲ. ಫ್ಲಾಟಿನ ಮಕ್ಕಳು ಬೀರಲು ಹೊರಟರೆ ಪ್ರತಿ ಬ್ಲಾಕಿನ ಬಾಗಿಲಲ್ಲೂ ಸೆಕ್ಯೂರಿಟಿಯವರು ಫೋನ್ ಮಾಡಿ, ‘ಮೇಡಂ, ಎಳ್ಳು ಬಂದಿದೆ, ಮೇಲೆ ಕಳಿಸಲಾ?’ ಎಂದು ಕೇಳುತ್ತಾರೆ. ಈ ರಗಳೆ ಬೇಡವೆಂದು ಸಂಘದವರು ಕ್ಲಬ್‌ಹೌಸಿನಲ್ಲಿ ಒಂದೇ ಮೇಜು ಹಾಕಿ, ಕಾಗದದ ಕಪ್ಪಿನಲ್ಲಿ ಎಲ್ಲರಿಗೂ ಸಮನಾಗಿ ಎಳ್ಳು ಕೊಡುವ ಏರ್ಪಾಟು ಮಾಡಿದ್ದಾರೆ. ಒಬ್ಬರಿಗೆ ಆನೆ, ಒಬ್ಬರಿಗೆ ಗಿಳಿ ಎನ್ನುವ ತಾರತಮ್ಯವೂ ಇಲ್ಲ. ಅಮ್ಮ ಇದ್ದಿದ್ದರೆ ಹಬ್ಬಕ್ಕೆ ಹೋಗಿ ಬಂದೆ ಎಂದು ಒಪ್ಪುತ್ತಿರಲಿಲ್ಲ, ಪಡಿತರ ತಂದೆ ಎನ್ನುತ್ತಿದ್ದಳು.

ಹೋಗಲಿ, ಮನೆಯಲ್ಲೇ ಹುಯ್ದು ನೋಡೋಣ ಎನ್ನಿಸಿತು. ಪಾಕದ ಹದ ಕಣ್ಣಿಗೆ ನೆನಪಿದೆ, ಕೈಗೆ ಬರುತ್ತದೋ ಇಲ್ಲವೋ. ಅಂಗಡಿಯ ಹೊಸ ಅಚ್ಚುಗಳಲ್ಲಿ ನನಗೆ ಬೇಕಾದ ಆನೆ ಇರಲಿಲ್ಲ. ಮೈಸೂರಿನ ಮನೆ ಮಾರಿದಾಗ ಹಿತ್ತಾಳೆ ಪಾತ್ರೆಗಳಿಗೆ ಪೈಪೋಟಿ ನಡೆದಿತ್ತು. ಮರದ ಅಚ್ಚುಗಳನ್ನು ಯಾರೂ ಕೇಳಿರಲಿಲ್ಲ, ಕೊನೆಗೆ ಚಿಕ್ಕಪ್ಪನ ಮಗ ಮೂಟೆ ಕಟ್ಟಿಕೊಂಡು ಹೋಗಿದ್ದ. ಅವನ ಹೆಂಡತಿಗೆ ಫೋನ್ ಮಾಡಿದೆ.

‘ಅಯ್ಯೋ ಅಕ್ಕ, ಭದ್ರವಾಗಿವೆ. ಹಾಲ್‌ನಲ್ಲಿ ಟೀವಿ ಪಕ್ಕದ ಗೋಡೆಗೆ ಸಾಲಾಗಿ ಅಂಟಿಸಿದ್ದಾರೆ ನಮ್ಮ ಇಂಟೀರಿಯರ್‌ನವರು. ಪಾಲಿಶ್ ಹೊಡೆದು, ಮೇಲಿಂದ ಲೈಟ್ ಬಿಟ್ಟಿದೀವಿ. ಬಂದವರೆಲ್ಲ ಎಲ್ಲಿ ಸಿಕ್ತು ಅಂತ ಕೇಳ್ತಾರೆ.’

‘ಆನೆದು ಇದೆಯೇನೇ?’

‘ಅದೇ ಮಧ್ಯದಲ್ಲಿರೋದು!’

‘ಒಂದು ಹೋಳು ಗೋಡೆ ಮೇಲಿದ್ರೆ ಇನ್ನೊಂದು ಎಲ್ಲಿ?’

‘ಎಲ್ಲದರಲ್ಲೂ ಎರಡೆರಡು ಒಂದೇ ಥರದ್ದು ಇದ್ವಲ್ಲ ಅಕ್ಕ,’ ಎಂದಳು. ‘ಡೂಪ್ಲಿಕೇಟ್ ಯಾಕೆ ಅಂತ ಒಂದೊಂದನ್ನ ಆಚೆ ಕೊಟ್ಬಿಟ್ವಿ.’